ಕೆಂಚಯ್ಯನು ಹಗೇವು ತೆರೆಸಿದ್ದು

ಅಂಬರಪುರದ ಬೀದಿಬೀದಿಗಳಲ್ಲಿ ಡಂಗುರ ಸಾರಿದರು: "ಅರಮನೆಯ ಊಳಿಗದವರೆಲ್ಲರೂ ಕೇಳಿರಿ. ಸುಗ್ಗಿಸುಗ್ಗಿಗೂ ನಿಮ್ಮ ಸಂಬಳದ ಜೋಳದಲ್ಲಿ ಒಂದು ಪಾಲನ್ನು ತಡೆಹಿಡಿದು, ನಿಮ್ಮ ಮುಪ್ಪಿಗೆಂದು ನೆಲದೊಳಗಿನ ಹಗೇವುಗಳಲ್ಲಿ ತುಂಬಿಸಿಟ್ಟಿದ್ದೇವೆ. ಮೈಯಲ್ಲಿ ಕಸುವಿರುವಾಗಲೇ ಊಳಿಗ ಬಿಟ್ಟು ಆ ಜೋಳವನ್ನು ಬೇಡುವವನು ವಿಜಯಾಂಕ ಮಹಾರಾಜರ ಮೂರು ಒಗಟುಗಳನ್ನು ಬಿಡಿಸತಕ್ಕದ್ದು. ಬಿಡಿಸಿದವನಿಗೆ ಹಗೇವು, ತಪ್ಪಿದವನಿಗೆ ಶೂಲ."

ಡಂಗುರದವನು ಬೀದಿಯ ತಿರುವು ದಾಟುವ ಮೊದಲೇ ಕೆಂಚಯ್ಯನು ಹೆಗಲ ಸಿಂಬಿಯನ್ನು ತೆಗೆದು ಜಗಲಿಯ ಮೇಲಿಟ್ಟನು. ಅವನು ಅರಸರ ಪಲ್ಲಕ್ಕಿಯನ್ನು ಹೊರುವವರಲ್ಲಿ ಹಿಂದಿನ ಹೆಗಲಿನವನು. ದಾರಿಯಲ್ಲಿ ಏನಿದೆಯೆಂದು ಮುಂದಿನವನು ಕೂಗಿ ಹೇಳಬೇಕು; ಅವನು ಕಲ್ಲೆಂದರೆ ಕಲ್ಲು, ನೀರೆಂದರೆ ನೀರು. ಹಿಂದಿನವನಿಗೆ ದಾರಿ ಕಾಣುವುದಿಲ್ಲ. ರಾಜ್ಯದ ಉದ್ದಗಲವನ್ನೆಲ್ಲ ನಡೆದಿದ್ದರೂ ಕೆಂಚಯ್ಯನು ಕಂಡದ್ದು ಮುಂದಿನವನ ಬೆನ್ನೊಂದನ್ನೇ. ಅವನ ತಂದೆಯೂ ಪಲ್ಲಕ್ಕಿಯ ಅದೇ ಕೊಂಬು ಹೊತ್ತವನು. ಮುಪ್ಪು ಬರುವ ತನಕ ಕಾದು, ಹಗೇವು ತೆರೆಸಿ, ಜೋಳವನ್ನು ಮನೆಗೆ ತಂದ ದಿನ ಆ ಮುದುಕನ ಬಾಯಲ್ಲಿ ರೊಟ್ಟಿ ಮುರಿಯಲು ಹಲ್ಲಿರಲಿಲ್ಲ.

ಹೆಂಡತಿ ಸಿರಿಯವ್ವೆ ಬೇಡವೆನ್ನಲಿಲ್ಲ. ಹೊಳೆಯಾಚೆ ಅವಳ ತವರಿನವರು ಬಿಟ್ಟುಕೊಟ್ಟ ತುಂಡು ನೆಲವಿತ್ತು. ಅದನ್ನು ಉಳುವ ಆಸೆ ಇಬ್ಬರಿಗೂ ಇತ್ತು. "ಹೋಗಿ ಬಾ. ತಲೆ ತಗ್ಗಿಸಿ ಮಾತ್ರ ನಿಲ್ಲಬೇಡ. ಹೊರೆಯಿಲ್ಲದಾಗಲೂ ತಗ್ಗಿಸುವ ಚಾಳಿ ನಿನ್ನದು" ಎಂದಳು.

ಓಲಗದಲ್ಲಿ ಅವನಿಗಿಂತ ಮೊದಲೇ ಇಬ್ಬರು ಬಂದು ನಿಂತಿದ್ದರು: ಬಾಣಸಿಗ ಪದುಮಯ್ಯ ಮತ್ತು ಗಜಶಾಲೆಯ ಕಾವಲಿನ ಕಲಿದೇವ. ಅರಸನು ಮೂವರನ್ನೂ ನೋಡಿ ಮೊದಲ ಒಗಟನ್ನು ಮುಂದಿಟ್ಟನು.

"ಬಾಯಿ ಮುಚ್ಚಿರುವಾಗ ಅದು ಅನ್ನವನ್ನು ಕಾಯುತ್ತದೆ. ಬಾಯಿ ತೆರೆದೊಡನೆ ಒಳಹೊಕ್ಕವನನ್ನು ಕೊಲ್ಲುತ್ತದೆ. ತೆರೆದು ತುಸು ತಾಳಿದವನಿಗೆ ವರ್ಷವಿಡೀ ಉಣಿಸುತ್ತದೆ. ಏನದು?"

ಪದುಮಯ್ಯನು ತಡಮಾಡದೆ, ಅದು ಕುದಿಯುವ ಅನ್ನದ ಹಂಡೆಯೆಂದನು. "ವರ್ಷವಿಡೀ ಉಣಿಸುವ ಹಂಡೆ ನಿನ್ನ ಮನೆಯಲ್ಲಿದ್ದರೆ ನಮ್ಮ ಊಳಿಗಕ್ಕೆ ಏಕೆ ಬಂದೆಯಪ್ಪಾ?" ಎಂದು ಅರಸನು ನಕ್ಕನು. ಸಭೆಯೂ ನಕ್ಕಿತು. ಭಟರು ಬಾಣಸಿಗನ ರಟ್ಟೆ ಹಿಡಿದು, ಶೂಲಕ್ಕೇರಿಸುವ ತನಕ ಇಡಲೆಂದು ಸೆರೆಮನೆಗೆ ಒಯ್ದರು. ನಗದಿದ್ದವನು ಕೆಂಚಯ್ಯನೊಬ್ಬನೇ.

"ಹಗೇವು, ಒಡೆಯಾ" ಎಂದನು ಅವನು. ಅರಸನ ಮುಖದ ನಗೆ ಸ್ವಲ್ಪ ಇಳಿಯಿತು.

"ಎರಡನೆಯ ಒಗಟನ್ನು ಕೇಳಿ. ಅದು ನಿಮ್ಮದೇ. ಮಲಗಿದರೂ ವೆಚ್ಚವಾಗುತ್ತದೆ, ದುಡಿದರೂ ವೆಚ್ಚವಾಗುತ್ತದೆ. ಚಕ್ರವರ್ತಿಯೂ ಅದನ್ನು ಕೂಡಿಡಲಾರ. ಎಷ್ಟು ಉಳಿದಿದೆಯೆಂದು ಯಾವ ಕೊಳಗದಿಂದಲೂ ಅಳೆಯಲಾಗದು."

ಈ ಸಲದ ಮೊದಲ ಸರದಿ ಕಲಿದೇವನದು. ಅವನು ಎದೆಯುಬ್ಬಿಸಿ, ಮೈಯ ಬಲವೆಂದನು. ಬಲವನ್ನು ತಾವು ದಿನವೂ ಅಳೆದೇ ದುಡಿಸುತ್ತಿರುವುದಾಗಿ ಅರಸನು ತಣ್ಣಗೆ ಹೇಳಿದನು. ಕಲಿದೇವನನ್ನೂ ಒಯ್ದರು. ಹೋಗುವಾಗ ಅವನು ಕೆಂಚಯ್ಯನ ಕಡೆಗೆ ತಿರುಗಿ, ಕಾಲಿಗೆ ಬೀಳು, ಬಿಟ್ಟಾರು ಎಂಬಂತೆ ಕಣ್ಣಿನಲ್ಲೇ ತೋರಿದನು. ಕೆಂಚಯ್ಯನು ಬಾಗಲಿಲ್ಲ.

"ಉಳಿದಿರುವ ಆಯುಷ್ಯ" ಎಂದನು.

ಸಭೆಯಲ್ಲಿ ಪಿಸುಮಾತು ಎದ್ದಿತು. ಅರಸನು ಸಿಂಹಾಸನದಲ್ಲಿ ಮುಂದಕ್ಕೆ ಸರಿದು ಕುಳಿತನು.

"ಒಂದೇ ರಾಶಿ, ಕೈಯೊಡ್ಡುವವರು ಮೂವರು. ಒಬ್ಬನು ಈಗಲೇ ಹಸಿದು ನಿಂತಿದ್ದಾನೆ. ಇನ್ನೊಬ್ಬನು ದಾರಿಯಲ್ಲಿದ್ದಾನೆ. ಮೂರನೆಯವನು ಬರುವನೋ ಇಲ್ಲವೋ ಬಲ್ಲವರಿಲ್ಲ. ಈ ಮೂವರು ಯಾರು? ರಾಶಿಯನ್ನು ಹೇಗೆ ಹಂಚುವೆ? ಹಂಚಿಕೆ ತಪ್ಪಿದರೂ ಶೂಲವೇ, ನೆನಪಿರಲಿ."

ಹಲ್ಲಿಲ್ಲದ ತಂದೆಯ ಬಾಯಿ ಕೆಂಚಯ್ಯನ ಕಣ್ಣ ಮುಂದೆ ಬಂದಿತು. ಆಮೇಲೆ ಅವನು ತಲೆಯೆತ್ತಿದನು.

"ಆ ಮೂವರೂ ನಾನೇ, ಒಡೆಯಾ. ಹಸಿದು ನಿಂತವನು ಇಂದಿನ ಕೆಂಚಯ್ಯ. ದಾರಿಯಲ್ಲಿರುವವನು ಇನ್ನು ಕೆಲವು ವರ್ಷಗಳ ಮೇಲಿನ ಕೆಂಚಯ್ಯ. ಬರುವನೋ ಇಲ್ಲವೋ ಎಂಬವನು ಕೋಲೂರುವ ಮುದುಕ. ಮೊದಲಿನವನಿಗೆ ಹೊಸ ಬೆಳೆ ಕೈಗೆ ಬರುವವರೆಗಿನ ಊಟ ಸಾಕು. ಎರಡನೆಯವನ ಪಾಲನ್ನು ಉಣ್ಣುವುದಿಲ್ಲ. ಅದು ಬಿತ್ತನೆಗೆ, ಜೋಡೆತ್ತಿಗೆ. ಮೂರನೆಯವನದನ್ನು ಬೇರೊಂದು ಹಗೇವಿನಲ್ಲಿ ಹುಲ್ಲು ಹಾಸಿ ಮುಚ್ಚುತ್ತೇನೆ. ಅವನು ಬಾರದಿದ್ದರೆ ಸಿರಿಯವ್ವೆ ಉಣ್ಣಲಿ."

"ಉಳಿದೆರಡು ಉತ್ತರಗಳ ಅರ್ಥವನ್ನೂ ಹೇಳು" ಎಂದನು ಅರಸನು.

"ಹಗೇವಿನೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ತೆರೆದ ಕೂಡಲೇ ಆಸೆಯಿಂದ ಇಳಿದವನು ಸಾಯುತ್ತಾನೆ; ಬಾಯಿ ತೆರೆದಿಟ್ಟು, ದೀಪವಿಳಿಸಿ, ಅದು ಆರದಿದ್ದರೆ ಇಳಿದವನು ಉಣ್ಣುತ್ತಾನೆ. ಇನ್ನು ಆಯುಷ್ಯ. ಜೋಳವನ್ನು ಅಳೆಯಬಹುದು, ಅದನ್ನು ಅಳೆಯಲಾಗದು. ಅಳತೆಯಿರುವುದನ್ನು ಕಾಪಾಡಲೆಂದು ಅಳತೆಗೆ ಸಿಗದುದನ್ನು ಸುರಿದುಬಿಟ್ಟವನು ನನ್ನಪ್ಪ. ನಾನು ಸುರಿಯಲಾರೆ."

"ಇಷ್ಟು ದಿನ ಕಾಯ್ದಿಟ್ಟ ನಮಗೆ ನಿನ್ನ ಹಂಚಿಕೆಯಲ್ಲಿ ಪಾಲೇ ಇಲ್ಲವಲ್ಲ?"

"ಒಗಟಿನಲ್ಲಿ ಮೂವರೇ ಇದ್ದರು, ಒಡೆಯಾ. ನಾಲ್ಕನೆಯವರನ್ನು ತಾವೂ ಹೇಳಲಿಲ್ಲ."

"ಈಗಲೂ ನಿನ್ನ ತಲೆ ತೆಗೆಸಬಲ್ಲೆ."

"ತೆಗೆಸಬಹುದು. ಹೆಗಲೂ ಅದರ ಜೊತೆಗೇ ಹೋಗುತ್ತದೆ. ಆಗಲೂ ನಾಳೆ ಪಲ್ಲಕ್ಕಿಗೆ ಅದು ಒದಗುವುದಿಲ್ಲ."

ಡಂಗುರದಲ್ಲಿ ಸಾರಿದ ಮಾತನ್ನು ಊರೆಲ್ಲ ಕೇಳಿತ್ತು. ಅರಸನು ಅದನ್ನು ನುಂಗಲಾರದೆ ಹಗೇವು ತೆರೆಸಲು ಅಪ್ಪಣೆಯಿತ್ತನು. ಮೇಲೆ ಮೆಚ್ಚುಗೆಯಾಗಿ ಜರಿಯ ಶಾಲೊಂದನ್ನು ತರಿಸಿದನು. ಕೆಂಚಯ್ಯನು ಅದನ್ನು ಮುಟ್ಟಲಿಲ್ಲ. ಹೆಗಲಿಗೆ ಇನ್ನು ಏನನ್ನೂ ಹಾಕಿಕೊಳ್ಳುವುದಿಲ್ಲವೆಂದೂ, ಕೊಡುವುದಾದರೆ ಸೆರೆಯಲ್ಲಿರುವ ಇಬ್ಬರನ್ನು ಕೊಡಬೇಕೆಂದೂ ಬಿನ್ನವಿಸಿದನು. ಸಭೆಯ ಹಿಂದಿನ ಸಾಲುಗಳಲ್ಲಿದ್ದ ಊಳಿಗದವರು ಒಬ್ಬೊಬ್ಬರಾಗಿ ಎದ್ದುನಿಂತರು. ಅರಸನು ಅವರನ್ನೆಲ್ಲ ಒಮ್ಮೆ ನೋಡಿ, ಇಬ್ಬರನ್ನೂ ಬಿಡಿಸಿದನು.

ಹಗೇವಿನ ಬಾಯಿ ತೆರೆದರು. ದೀಪವಿಳಿಸಿದರು. ಅದು ಆರಲಿಲ್ಲ.

ಜೋಳದ ಬಂಡಿಗಳು ಹೊರಟಾಗ, ಗೆದ್ದವನಿಗೆ ಸಲ್ಲುವ ಮರ್ಯಾದೆಯೆಂದು ಪಲ್ಲಕ್ಕಿಯನ್ನೇ ತಂದು ನಿಲ್ಲಿಸಿದರು. ಕೆಂಚಯ್ಯನು ತನ್ನ ಹಳೆಯ ಜಾಗದಲ್ಲಿ ನಿಂತಿದ್ದ ಹೊಸಬನನ್ನು ಕಂಡು, ಅವನ ಬೆನ್ನು ತಟ್ಟಿ, ಪಕ್ಕಕ್ಕೆ ಸರಿದನು. ಸಿರಿಯವ್ವೆಯೊಡನೆ ಹೊಳೆಯ ದಾರಿ ಹಿಡಿದನು. ಎಡಹೆಗಲು ಇನ್ನೂ ವಾಲಿಯೇ ಇತ್ತು. ದಾರಿಯಲ್ಲೊಂದು ಕಲ್ಲು ಕಂಡಿತು.

"ಕಲ್ಲು" ಎಂದು ಅವನೇ ಕೂಗಿ ಹೇಳಿ, ದಾಟಿದನು. ಮುಂದೆ ಯಾರ ಬೆನ್ನೂ ಇರಲಿಲ್ಲ.