ಹೊಂಬಾಳನ ಬೈಕಿಗೆ ಹರಳೆಣ್ಣೆ

ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡಿರೋರು ಒಂದ್ಸಲ ಉಗಿದು ಬಂದು ಕೂತ್ಕೊಳ್ಳಿ, ನಡುವೆ ನಗು ಬಂದ್ರೆ ಪಕ್ಕದೋರ ಸೀರೆ ಕೆಡ್ತದೆ.

ಕೆಂಚನಕೊಪ್ಪಲಿನ ಸಾಕಮ್ಮನಿಗೆ ಒಬ್ಬನೇ ಮಗ, ಹೊಂಬಾಳ. ಇಪ್ಪತ್ತೇಳು ತುಂಬಿತ್ತು. ಆಳು ಬಾಗಿಲೆತ್ತರ, ಮಾತು ಬೆಣ್ಣೆ, ಕುಡಿಯೋದು ಇಸ್ಪೀಟು ಒಂದೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ಹೇಳಿದ್ದನ್ನ ಹೇಳಿದ ಹಾಗೇ ಮಾಡೋದು. ಒಂದಕ್ಷರ ಬಿಡ್ತಿರಲಿಲ್ಲ, ಒಂದಕ್ಷರ ಸೇರಿಸ್ತಿರಲಿಲ್ಲ. "ಹಾಲು ಉಕ್ಕಿದ್ರೆ ಕರಿ" ಅಂತ ಹೇಳಿ ಸಾಕಮ್ಮ ಹಿತ್ತಲಿಗೆ ಹೋದ್ರೆ, ಒಲೆ ಮುಂದೆ ಕೂತು ಹಾಲು ಏರೋದನ್ನ ಕಣ್ಣರಳಿಸಿ ನೋಡ್ತಿದ್ದ. ಏರಿ, ಉಕ್ಕಿ, ಹರಿದು, ಒಲೆ ಆರಿದ ಮೇಲೆ ಕೂಗೋನು, "ಅವ್ವಾ, ಉಕ್ತು." ಸಾಕಮ್ಮ ಹಣೆ ಹಣೆ ಚಚ್ಕೊಳ್ಳೋಳು.

ಈ ಸಾಕಮ್ಮನಿಗೆ ಒಬ್ಬ ಅಣ್ಣ, ಜವರಪ್ಪ. ಬಸ್ ಡ್ರೈವರ್ ಆಗಿದ್ದು ನಿವೃತ್ತಿಯಾದವನು. ತನ್ನ ಹಳೇ ಮೋಟಾರ್ ಬೈಕನ್ನ ತಂಗಿ ಮನೆಗೆ ಕೊಟ್ಟು ಮೂರು ವರ್ಷ ಆಗಿತ್ತು. ಕುಂಕುಮದ ಬಣ್ಣದ ಟ್ಯಾಂಕು, ಅದರ ಮೇಲೆ ಚಿನ್ನದ ಗೆರೆ, ಗೆರೆ ನಡುವೆ ಪೇಂಟರ್ ಕೈಲಿ ಬರೆಸಿದ್ದ 'ಜವರಪ್ಪ' ಅಂತ ಹೆಸರು. ಕೊಡುವಾಗಲೇ ಒಂದು ಮಾತು ಆಡಿದ್ದ.

"ನೋಡು ಸಾಕಿ, ನನ್ನ ಮಗಳು ಸುಗುಣನ್ನ ನಿನ್ನ ಮಗನಿಗೇ ಕೊಡ್ತೀನಿ ಅಂತ ತೊಟ್ಟಿಲಲ್ಲೇ ಹೇಳಿದ್ದು ನಿಜ. ಆದ್ರೆ ಇವನ್ನ ನೋಡಿದ್ರೆ ನನ್ನ ಧೈರ್ಯ ಕುಸಿತದೆ. ಈ ಗಾಡೀನ ಕೆಡದಂಗೆ ಇಟ್ಕೊಳ್ಳಲಿ. ಇಟ್ಕೊಂಡ್ರೆ ಹೆಣ್ಣು ಕೊಡ್ತೀನಿ. ಕೆಡಿಸಿದ್ರೆ, ಬೇಜಾರು ಮಾಡ್ಕೋಬೇಡ, ಬೇರೆ ಕಡೆ ನೋಡ್ತೀನಿ."

ಈಗ ಅವನ ಫೋನು ಬಂತು. ಮುಂದಿನ ಸೋಮವಾರ ಸಾಯಂಕಾಲದ ಬಸ್ಸಿಗೆ ಬರ್ತೀವಿ, ಸುಗುಣನೂ ಬರ್ತಾಳೆ, ಹೊಂಬಾಳ ಬೈಕ್ ತಗೊಂಡು ಕೈಮರದ ಹತ್ರ ಬರಲಿ, ಲೈಟ್ ಹಾಕ್ಕೊಂಡೇ ಬರಲಿ, ದೂರದಿಂದ ನೋಡ್ಬೇಕು ನಾನು, ಅಂದ.

ಆವತ್ತೇ ಸಂಜೆ ಬೈಕಿನ ದೀಪಕ್ಕೆ ಏನೋ ಬಂತು.

ಹೊಂಬಾಳ ಬಾಗಿಲಲ್ಲಿ ಗಾಡಿ ಸ್ಟಾರ್ಟ್ ಮಾಡಿ ದೀಪ ಹಾಕಿದ. ಹಳದಿಗಿತ್ತು. ಎಕ್ಸಲೇಟರ್ ತಿರುವಿದ, ಬೆಳ್ಳಗಾಯ್ತು. ಇನ್ನೂ ತಿರುವಿದ, ಹಾಲಿಗಿಂತ ಬೆಳ್ಳಗೆ, ಕಣ್ಣು ಬಿಡೋಕಾಗ್ದಷ್ಟು ಬೆಳ್ಳಗೆ. ಓಣಿಯ ಆ ತುದಿಯ ಗೋಡೆ ಮೇಲೆ ಒಣಗಿದ ಬೆರಣಿ ಒಂದೊಂದೂ ಎಣಿಸೋ ಹಾಗೆ ಕಂಡ್ತು. ಕೋಳಿಗಳು ಬೆಳಗಾಯ್ತು ಅಂತ ಪಂಜರದಿಂದ ಇಳಿದವು. ಮೂಲೆಮನೆ ದೇವೀರಿ ಮೊರ ಹಿಡ್ಕೊಂಡೇ ಈಚೆ ಬಂದು ನಿಂತಳು.

"ಅವ್ವಾ, ನಮ್ಮ ಬೈಕಿನ ಹೊಟ್ಟೇಲಿ ಹಗಲು ತುಂಬ್ಕೊಂಡಿದೆ ಕಣವ್ವ" ಅಂದ ಹೊಂಬಾಳ.

ಓಣಿಗೆ ಓಣಿಯೇ ಬಾಯಿ ಬಿಟ್ಕೊಂಡು ನೋಡ್ತು. ಸಾಕಮ್ಮನ ಕೈ ತಾನೇ ತಾನಾಗಿ ಮುಗೀತು. ಆಮೇಲೆ ಠಪ್ ಅಂತು. ಕತ್ತಲು.

ಹೊಸ ಬಲ್ಬು ಹಾಕಿದ. ಬೆಳ್ಳಗೆ, ಇನ್ನೂ ಬೆಳ್ಳಗೆ, ಠಪ್. ಇನ್ನೊಂದು ಹಾಕಿದ. ಅದೂ ಠಪ್.

ಬೆಳಗ್ಗೆ ಎದ್ದು ಮೆಕ್ಯಾನಿಕ್ ಆರೋಗ್ಯಪ್ಪನ ಅಂಗಡಿಗೆ ಹೋದ. ಆರೋಗ್ಯಪ್ಪ ಸೀಟಿನ ಕೆಳಗೆ ಕೈ ಹಾಕಿ, ಬೆರಳು ಸುಟ್ಟವನ ಹಾಗೆ ಎಳ್ಕೊಂಡ. ಅಲ್ಲಿ ಅಂಗೈಯಷ್ಟು ಒಂದು ಡಬ್ಬಿ, ಬಾಚಣಿಗೆ ಹಲ್ಲಿನ ಹಾಗೆ ಗೆರೆಗೆರೆ ಇರೋದು.

"ಇದು ರೆಗ್ಯುಲೇಟರು ಕಣಪ್ಪ. ಎಂಜಿನ್ ಕರೆಂಟ್ ಮಾಡ್ತದೆ, ಇದು ಬಡಿಸ್ತದೆ. ದೀಪಕ್ಕೆ ಇಷ್ಟು, ಬ್ಯಾಟರಿಗೆ ಇಷ್ಟು, ಪಂಕ್ತೀಲಿ ಸೌಟು ಹಿಡಿದವಳ ಹಾಗೆ. ಹಳೇ ಗಾಡಿ, ಸೌಟು ಕೈ ತಪ್ಪಿದೆ. ಇರೋದೆಲ್ಲ ಒಬ್ಬರ ಎಲೆಗೇ ಸುರೀತಾ ಇದೆ. ಹೊಸದು ಮೈಸೂರಿಂದ ಬರೋಕೆ ಶನಿವಾರ ಆಗ್ತದೆ. ಅಲ್ಲೀವರೆಗೂ ಜಾಸ್ತಿ ಓಡಿಸ್ಬೇಡ. ಇದಕ್ಕೆ ಉಷ್ಣ ಏರಿದೆ, ತಣ್ಣಗಿಡು."

"ಹೂಂ ಕಣಣ್ಣ, ಹಂಗೇ ಮಾಡ್ತೀನಿ."

ಮನೆಗೆ ಬಂದ. ಉಷ್ಣ ಏರಿದ್ರೆ ಏನು ಮಾಡ್ತಾರೆ ಅಂತ ಅವನಿಗೆ ಗೊತ್ತಿಲ್ವಾ? ಸಾಕಮ್ಮ ಪ್ರತಿ ಶನಿವಾರ ಅವನ ನೆತ್ತಿಗೆ ಒತ್ತಿದ್ದು ಸುಮ್ನೇನಾ? ಹರಳೆಣ್ಣೆ ಸೀಸೆ ತಂದ. ಡಬ್ಬಿಯ ನೆತ್ತಿಗೆ ಸುರಿದು, ತಟ್ಟಿ ತಟ್ಟಿ ಇಳಿಸಿದ. ಮೇಲೆ ನೆನೆಸಿದ ಮೆಂತ್ಯ ಅರೆದು ಮೆತ್ತಿದ. ಅದರ ಮೇಲೆ ಒದ್ದೆ ಟವಲ್ಲು ಸುತ್ತಿ, ಗಾಳಿ ತಾಗದ ಹಾಗೆ ಬಿಗಿದು ಕಟ್ಟಿದ. ಗುಣವಾಯ್ತಾ ನೋಡೋಣ ಅಂತ ಕೆರೆ ಏರಿವರೆಗೆ ಓಡಿಸ್ಕೊಂಡು ಹೋದ.

ಸೀಟಿನ ಕೆಳಗಿಂದ ಹೊಗೆ ಬಂತು. ಅದರ ಹಿಂದೆ ಒಗ್ಗರಣೆ ಸೀದ ವಾಸನೆ ಬಂತು. ಏರಿ ಮೇಲೆ ಬಟ್ಟೆ ಒಗೀತಿದ್ದ ಹೆಂಗಸರು ಮೂಗು ಮುಚ್ಕೊಂಡು, "ಯಾರ ಮನೇಲೋ ಮೆಂತ್ಯದ ಸಾರು ಓಡ್ಕೊಂಡು ಬರ್ತಾ ಇದೆ" ಅಂದ್ರು.

"ನಿನ್ನ ಬುದ್ಧಿಗೆ ಬೆಂಕಿ ಬೀಳ" ಅಂದಳು ಸಾಕಮ್ಮ, ಸುಟ್ಟ ಟವಲ್ಲು ನೋಡಿ. "ಕಾದ ವಸ್ತೂನ ಮುಚ್ಚಿದ್ರೆ ಇನ್ನೂ ಕಾಯ್ತದೆ ಕಣ್ಲಾ. ಮುಚ್ಚಿರೋದೆಲ್ಲ ತೆಗೀಬೇಕು. ತೆಗೆದು ಗಾಳಿಗೆ ಬಿಡಬೇಕು."

"ಮುಚ್ಚಿರೋದೆಲ್ಲ ತೆಗೀಬೇಕಾ?"

"ಹೂಂ, ಎಲ್ಲ."

"ಹಂಗೇ ಮಾಡ್ತೀನಿ ಕಣವ್ವ."

ಮಾರನೇ ದಿನ ಬ್ಯಾಟರಿ ಮುಟ್ಟಿ ನೋಡಿದ, ಕಾದಿತ್ತು, ಒಳಗೆ ಕೊತ ಕೊತ ಅಂತಿತ್ತು. ಕರೆಂಟು ಮಿತಿಮೀರಿ ತಿಂದು ಅದಕ್ಕೂ ಅಜೀರ್ಣ. ಕಾದ ವಸ್ತೂನ ಏನು ಮಾಡಬೇಕು? ಮುಚ್ಚಿರೋದೆಲ್ಲ ತೆಗೀಬೇಕು. ಪಕ್ಕದ ತಗಡು ತೆಗೆದ. ಬ್ಯಾಟರಿ ನೆತ್ತಿ ಮೇಲಿದ್ದ ಆರು ಬಿರಡೇನೂ ಬಿಚ್ಚಿ ಜೇಬಿಗೆ ಹಾಕ್ಕೊಂಡ. ಗಾಳಿಗೆ ಬಿಡಬೇಕಲ್ಲ, ಅದಕ್ಕೆ ಹಳ್ಳ ದಿಣ್ಣೆ ಎನ್ನದೆ ಡೈರಿವರೆಗೂ ಓಡಿಸಿದ.

ಬ್ಯಾಟರಿ ಒಳಗಿರೋದು ಆಸಿಡ್ಡು. ಒಂದೊಂದು ಹಳ್ಳಕ್ಕೂ ಒಂದೊಂದು ಚಿಲುಮೆ ಹಾರಿ ಪಂಚೆ ಮೇಲೆ ಬಿತ್ತು. ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ಮೂವತ್ತು ಜನ ಸಾಲಲ್ಲಿದ್ರು, ಅರ್ಧ ಹೆಂಗಸರು. ಹೊಂಬಾಳ ಗಾಡಿ ಇಳಿದ. ಪಂಚೆ ಇಳೀಲಿಲ್ಲ. ಇಳಿಯೋಕೆ ಇರಲಿಲ್ಲ. ಜೇನುಗೂಡಿನ ಹಾಗೆ ತೂತು, ತೂತಿನ ನಡುವೆ ಎರಡು ಮೂರು ಎಳೆ ಪಂಚೆ.

ಸಾಲು ಮುರೀತು. ಕೆಲವರು ಕಣ್ಣು ಮುಚ್ಕೊಂಡ್ರು. ದೇವೀರಿ ಮುಚ್ಕೊಳ್ಳಲಿಲ್ಲ, ಮುಚ್ಕೊಂಡೆ ಅಂತ ಆಮೇಲೆ ಮನೆಮನೆಗೂ ಹೋಗಿ ಹೇಳಿದಳು. "ಏನ್ಲಾ ಹೊಂಬಾಳ ಇದು?" ಅಂತ ಡೈರಿಯೋನು ಕೇಳಿದ್ರೆ, ಅವನು ನಿಂತಲ್ಲೇ ನಿಂತು, "ಗಾಳಿಗೆ ಬಿಟ್ಟಿದ್ದೀನಿ ಕಣಣ್ಣ, ಅವ್ವ ಹೇಳಿದ್ದು" ಅಂದ.

ಸಾಕಮ್ಮ ಆವತ್ತು ತಲೆ ಮೇಲೆ ಸೆರಗು ಎಳ್ಕೊಂಡು ಹಿತ್ತಲ ದಾರೀಲಿ ಓಡಾಡಿದಳು. ಸಂಜೆ ಮಗನ್ನ ಎದುರಿಗೆ ಕೂರಿಸ್ಕೊಂಡಳು.

"ಸೋಮವಾರ ಹತ್ರ ಬಂತು ಕಣ್ಲಾ. ನಿಮ್ಮಾವ ಬಂದು ಗಾಡಿ ಕೆಟ್ಟಿದ್ದು ನೋಡಿದ್ರೆ ಹುಡುಗಿ ಹೋಯ್ತು. ನಾನು ಸತ್ತ ಮೇಲೆ ನಿನಗೆ ಒಂದು ಲೋಟ ನೀರು ಕೊಡೋರು ಬೇಡ್ವಾ?" ಅಂದಳು. ಆಮೇಲೆ ಆರೋಗ್ಯಪ್ಪನ್ನ ಕೇಳ್ಕೊಂಡು ಬಂದದ್ದನ್ನ ಬಿಡಿಸಿ ಹೇಳಿದಳು. "ಬಿರಡೆ ತೆಗೆದು ಓಡಿಸ್ಬಾರದು. ಒಳಗೆ ನೀರು ಕಮ್ಮಿಯಾಗಿದ್ರೆ ನೀರು ಹಾಕಿ ಮುಚ್ಚಬೇಕು. ನಲ್ಲಿ ನೀರಲ್ಲ, ಬೋರಿಂದಲ್ಲ. ಮಣ್ಣಿನ ಸೋಂಕು ಇಲ್ಲದ್ದು, ಯಾರ ಕೈಯೂ ತಾಗದ ಶುದ್ಧ ನೀರು."

"ಹೂಂ ಕಣವ್ವ, ಹಂಗೇ ಮಾಡ್ತೀನಿ."

ಯೋಚನೆ ಮಾಡಿದ. ಕೆರೆ ನೀರು ಮಣ್ಣಲ್ಲೇ ಮಲಗಿರ್ತದೆ. ಬಾವಿ ನೀರಿಗೆ ಹಗ್ಗ ತಾಗ್ತದೆ, ಹಗ್ಗಕ್ಕೆ ಕೈ ತಾಗ್ತದೆ. ಮಣ್ಣಿಂದ ನಲವತ್ತು ಅಡಿ ಮೇಲೆ, ಬೀಗ ಹಾಕಿದ ಹಾಗೆ ಮುಚ್ಕೊಂಡು, ಹುಟ್ಟಿದಾಗಿಂದ ಒಬ್ಬರೂ ಮುಟ್ಟದ ನೀರು ಯಾವುದು? ತೆಂಗಿನಮರ ಹತ್ತಿದ. ಎರಡು ಎಳನೀರು ಕೆತ್ತಿ, ಒಂದು ಹನಿ ಚೆಲ್ಲದ ಹಾಗೆ ಬ್ಯಾಟರಿಗೆ ಕುಡಿಸಿದ. ಒಳಗಿನ ಎಳೆ ಗಂಜಿ ತಿಂದ್ರೆ ಬಲ ಬರ್ತದೆ ಅಂತ ಅದನ್ನೂ ಚಮಚದಲ್ಲಿ ತುರುಕಿದ.

ಬ್ಯಾಟರಿ ನೊರೆ ಕಾರಿ ಸತ್ತೋಯ್ತು.

ಶನಿವಾರ ಆರೋಗ್ಯಪ್ಪ ಬಂದು ನೋಡಿದ. ಮುಚ್ಚಳ ತೆಗೆದ, ಮೂಸಿದ, ಬೆರಳಲ್ಲಿ ಗಂಜಿ ಎತ್ತಿದ. ಬೈಗುಳ ಬರ್ತದೆ ಅಂತ ಸಾಕಮ್ಮ ಕಾದಳು. ಅವನು ಬೈಲಿಲ್ಲ. ದೇವಸ್ಥಾನದಲ್ಲಿ ನಿಂತವನ ಹಾಗೆ ಕೈ ಕಟ್ಕೊಂಡು ನಿಂತ.

"ನಲವತ್ತು ವರ್ಷ ಗಾಡಿ ಬಿಚ್ಚಿದ್ದೀನಿ ಸಾಕಮ್ಮಾರೆ. ಇದು ಯಾರ ತಲೇಗೂ ಬರಲಿಲ್ಲ. ಹೇಳಿದ್ದರಲ್ಲಿ ಒಂದಾದ್ರೂ ತಪ್ಪಿದ್ದಾನಾ ನೋಡಿ. ತಪ್ಪೇ ಇಲ್ಲ."

ಸಾಕಮ್ಮನೂ ಲೆಕ್ಕ ಹಾಕಿ ನೋಡಿದಳು. ತಪ್ಪು ಸಿಗಲಿಲ್ಲ. ಹೆತ್ತ ಹೊಟ್ಟೆ ಮೇಲೆ ಕೈ ಇಟ್ಕೊಂಡು, ಇಂಥದ್ದು ಇದರೊಳಗೆ ಹೆಂಗೆ ಬೆಳೀತು ಅಂತ ಬೆರಗಾದಳು.

ಆರೋಗ್ಯಪ್ಪ ಬೇರೆ ಬ್ಯಾಟರಿ ಇಟ್ಟ, ಹೊಸ ರೆಗ್ಯುಲೇಟರು ಕೂರಿಸಿದ. ಕೂರಿಸೋ ಜಾಗದಲ್ಲಿ ಉಪ್ಪು ಕಾಗದ ತಿಕ್ಕಿ ಬೆರಳಗಲ ಬಣ್ಣ ಕೆರೆದು ತೋರಿಸಿದ. "ಇಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿರಬೇಕು ತಮ್ಮ. ನಡುವೆ ಬಣ್ಣ ಇದ್ರೆ ಹೊಸದೂ ಹಳೇದರ ಹಾಗೇ ಕೆಡ್ತದೆ. ಬಣ್ಣವೇ ಇದರ ಶತ್ರು ಅಂತ ತಿಳ್ಕೊ." ಹೇಳಿ, ಮಿಕ್ಕಿದ ಉಪ್ಪು ಕಾಗದ ಅಲ್ಲೇ ಬಿಟ್ಟು ಹೋದ.

ಶತ್ರು ಅಂದ ಮೇಲೆ ಒಂದು ಬೆರಳಗಲ ತೆಗೆದು ಮಿಕ್ಕಿದ್ದು ಬಿಡೋದಾ? ಹೊಂಬಾಳ ಭಾನುವಾರ ಬೆಳಗ್ಗೆ ಗಾಡೀನ ಕೆರೆ ಏರಿಗೆ ತಳ್ಕೊಂಡು ಹೋಗಿ ಶುರು ಮಾಡಿದ. ಮಡ್ಗಾರ್ಡು ಕೆರೆದ. ಟ್ಯಾಂಕು ಕೆರೆದ. ಚಿನ್ನದ ಗೆರೆ ಕೆರೆದ. 'ಜವರಪ್ಪ' ಅನ್ನೋದನ್ನ ಹಿಂದಿನಿಂದ ಒಂದೊಂದೇ ಅಕ್ಷರ ಕೆರೆದ. ಕಡೆಗೆ ಹುಣಸೇಹಣ್ಣು ಬೂದಿ ಹಾಕಿ, ದೇವರ ತಂಬಿಗೆ ತಿಕ್ಕೋ ಹಾಗೆ ತಿಕ್ಕಿದ.

ಸೋಮವಾರ ಇಳಿಹೊತ್ತಿಗೆ ಸಾಕಮ್ಮ ನೆಂಟರಿಗೆ ಅಡುಗೆ ಮುಗಿಸಿ ಬಾಗಿಲಿಗೆ ಬಂದ್ರೆ ಬೆಳ್ಳಿ ಬೈಕು ನಿಂತಿತ್ತು. ಬಿಸಿಲು ಬಿದ್ದು ಮನೆ ಗೋಡೆ ಮೇಲೆಲ್ಲ ಬೆಳಕಿನ ಮೀನು ಆಡ್ತಿದ್ವು. ಓಣಿಯ ಜನ ದೂರದಲ್ಲಿ ನಿಂತು ನೋಡ್ತಿದ್ರು, ಹತ್ರ ಬರೋಕೆ ಒಬ್ಬರಿಗೂ ಧೈರ್ಯ ಇಲ್ಲ. ಸಾಕಮ್ಮ ಟ್ಯಾಂಕಿನ ಹತ್ರ ಬಗ್ಗಿ ನೋಡಿದಳು.

"ನಿಮ್ಮಾವನ ಹೆಸರು ಎಲ್ಲೋ?"

"ತೆಗೆದೆ ಕಣವ್ವ. ಶತ್ರು."

ಅಳೋಕೂ ಹೊತ್ತಿಲ್ಲ, ಬಸ್ಸಿನ ಹೊತ್ತಾಗಿತ್ತು. "ಇನ್ನು ಏನೂ ಮಾಡ್ಬೇಡ ಕಣ್ಲಾ, ನಿನ್ನ ದಮ್ಮಯ್ಯ. ಅರಳೀಕಟ್ಟೆ ಹತ್ರ ನಿಲ್ಲಿಸ್ಬೇಡ, ಅಂಗಡಿ ಹತ್ರ ನಿಲ್ಲಿಸ್ಬೇಡ. ದೀಪ ಹಾಕ್ಕೊಂಡು ಹೋಗಿ, ಎಲ್ಲೂ ನಿಲ್ಲಿಸ್ದೆ ಕರ್ಕೊಂಡು ಬಾ."

"ಎಲ್ಲೂ ನಿಲ್ಲಿಸ್ಬಾರದಾ?"

"ಎಲ್ಲೂ."

"ಹಂಗೇ ಮಾಡ್ತೀನಿ ಕಣವ್ವ."

ಕೈಮರ ಅಂದ್ರೆ ಮೂರು ದಾರಿ ಕೂಡೋ ಜಾಗ. ನಡುವೆ ಊರಿನ ಹೆಸರು ಬರೆದ ಕಂಬ, ಪಕ್ಕದಲ್ಲಿ ಟೀ ಅಂಗಡಿ. ಮಬ್ಬುಗತ್ತಲಲ್ಲಿ ಜವರಪ್ಪನೂ ಸುಗುಣನೂ ಬಸ್ಸಿಳಿದು ನಿಂತಿದ್ರು. ದೂರದಲ್ಲಿ ದೀಪ ಕಂಡ್ತು. ಜವರಪ್ಪ ಕಣ್ಣು ಕಿರಿದು ಮಾಡಿ ನೋಡಿದ. ದೀಪ ಏರಲಿಲ್ಲ, ಇಳೀಲಿಲ್ಲ, ಹಳ್ಳಕ್ಕೆ ಬಿದ್ರೂ ನಡುಗಲಿಲ್ಲ. ಗರ್ಭಗುಡಿ ದೀಪದ ಹಾಗೆ ಬಂತು, ಬೆಳ್ಳಿ ಗಾಡಿ ಬಂತು, ಮೇಲೆ ಹೊಂಬಾಳ ಬಂದ. ಬಂದವನು ಹಾಗೇ ಮುಂದೆ ಹೋದ.

ಕಂಬ ಸುತ್ತಿ ವಾಪಸ್ ಬಂದ. "ಬಂದ್ರಾ ಮಾವ? ಚೆನ್ನಾಗಿದ್ದೀರಾ?" ಅಂತ ಕೇಳ್ಕೊಂಡೇ ಮುಂದೆ ಹೋದ.

"ಲೋ, ನಿಲ್ಸೋ" ಅಂದ ಜವರಪ್ಪ.

"ಆಗಲ್ಲ ಮಾವ, ಅವ್ವ ಬೇಡ ಅಂದವ್ಳೆ" ಅಂತ ಮೂರನೇ ಸುತ್ತಿನಲ್ಲಿ ಉತ್ತರ ಬಂತು. "ಹತ್ಕೊಳ್ಳಿ" ಅಂತ ನಾಲ್ಕನೇ ಸುತ್ತಿನಲ್ಲಿ. ಟೀ ಅಂಗಡಿಯೋರು ಲೋಟ ಬಿಟ್ಟು ಈಚೆ ಬಂದ್ರು. ಬಸ್ಸು ಹೊರಡಲಿಲ್ಲ, ಕಂಡಕ್ಟರು ಸೀಟಿ ಬಾಯಲ್ಲಿ ಕಚ್ಕೊಂಡು ಫುಟ್‌ಬೋರ್ಡಲ್ಲೇ ನಿಂತಿದ್ದ. ಜವರಪ್ಪ ಚೀಲ ಹಿಡ್ಕೊಂಡು ಹಿಂದೆ ಓಡಿದ, ಏದುಸಿರು ಬಿಟ್ಟು ನಿಂತ.

ಸುಗುಣ ಮಾತ್ರ ದೀಪವನ್ನೇ ನೋಡ್ತಿದ್ದಳು. "ಅದು ನಿಲ್ಲಲ್ಲ ಕಣಪ್ಪ, ನಾವೇ ಹತ್ಬೇಕು" ಅಂದಳು. ಬಸ್ ಡ್ರೈವರ್ ಮಗಳು, ಓಡೋ ಗಾಡಿ ಹತ್ತೋದು ಅವಳಿಗೆ ಕಲಿಸ್ಬೇಕಾ? ಏಳನೇ ಸುತ್ತಿಗೆ ಎರಡು ಹೆಜ್ಜೆ ಓಡಿ, ಹೊಂಬಾಳನ ಭುಜ ಹಿಡಿದು ಹಿಂದೆ ಕೂತೇ ಬಿಟ್ಟಳು. ಬೈಕು ಅಪ್ಪನ್ನ ಅಲ್ಲೇ ಬಿಟ್ಟು ಊರ ಕಡೆ ಹೋಯ್ತು.

ಮದುವೆಯಾಗದ ಹುಡುಗಿ, ದೀಪದ ಮುಂದೆ ಏಳು ಸುತ್ತು, ಎಣಿಸೋಕೆ ಒಂದು ಬಸ್ಸು ತುಂಬ ಜನ. ಟೀ ಅಂಗಡಿಯಿಂದ ಯಾರೋ ಊರಿಗೆ ಫೋನು ಮಾಡಿದ್ರು, ದೇವೀರಿಗೆ ಅಷ್ಟು ಸಾಕಾಯ್ತು. ಗಾಡಿ ಸಾಕಮ್ಮನ ಬಾಗಿಲಿಗೆ ಬರೋದರೊಳಗೆ ಸುದ್ದಿ ನಾಲ್ಕು ಮನೆ ದಾಟಿತ್ತು.

"ಮಾವ ಎಲ್ಲೋ?" ಅಂದಳು ಸಾಕಮ್ಮ.

"ನಿಂತವ್ರೆ ಕಣವ್ವ. ನಾನು ನಿಲ್ಲಲಿಲ್ಲ."

"ಬೈಬೇಡಿ ಅತ್ತೆ" ಅಂದಳು ಸುಗುಣ. "ನಮ್ಮೂರಲ್ಲಿ ಹೇಳಿದ ಮಾತು ಅರ್ಧ ಕೇಳೋ ಗಂಡಸೂ ಇಲ್ಲ."

ಎರಡು ಮೈಲಿ ನಡೆದು ಜವರಪ್ಪ ಬಂದ. ಚಪ್ಪಲಿ ಕೈಯಲ್ಲಿತ್ತು. ಕಾಲಿಗೆ ಕಚ್ಚಿದ್ದಕ್ಕೋ ಹೊಡೆಯೋಕೋ ಯಾರಿಗೆ ಗೊತ್ತು. ಅವನು ನೆಟ್ಟಗೆ ಬೈಕಿನ ಹತ್ರ ಹೋದ. ಹೆಸರಿದ್ದ ಜಾಗ ಸವರಿದ. ಎಂಜಿನ್ ಇನ್ನೂ ಓಡ್ತಿತ್ತು, ದೀಪ ಉರೀತಿತ್ತು. ಎಕ್ಸಲೇಟರ್ ತಿರುವಿದ, ದೀಪ ಅಳ್ಳಾಡಲಿಲ್ಲ. ಸೀಟಿನ ಕೆಳಗೆ ಕೈ ಹಾಕಿದ. ಎಳ್ಕೊಳ್ಳಲಿಲ್ಲ. ಹಸುಗೂಸಿನ ಮೈಯಷ್ಟೇ ಬೆಚ್ಚಗಿತ್ತು.

ಚಪ್ಪಲಿ ಕೆಳಗಿಟ್ಟ. "ಸಾಕಿ, ನನ್ನ ಕೈಲಿ ಹದಿನೆಂಟು ವರ್ಷ ಇತ್ತು. ಒಂದು ದಿನವೂ ಈ ದೀಪ ಹಿಂಗೆ ಉರೀಲಿಲ್ಲ" ಅಂದ. ಮಗಳ ಮುಖ ನೋಡಿದ, ಅವಳು ಹೂಂ ಅಂತ ತಲೆ ಆಡಿಸಿದಳು. ಹೊಂಬಾಳನ ಹೆಗಲ ಮೇಲೆ ಕೈ ಇಟ್ಟ.

"ಆಯ್ತು ಕಣಪ್ಪ, ಕೊಟ್ಟೆ. ಈ ಬೈಕನ್ನ ಹೆಂಗೆ ನೋಡ್ಕೊಂಡ್ಯೋ, ನನ್ನ ಮಗಳನ್ನೂ ಹಂಗೇ ನೋಡ್ಕೊ."

ಸಾಕಮ್ಮನ ಕಣ್ಣಲ್ಲಿ ನೀರು ಬಂತು. ಸೆರಗಲ್ಲಿ ಒರೆಸ್ಕೊಳ್ಳೋಕೆ ಎತ್ತಿದ ಕೈ ಅಲ್ಲೇ ನಿಂತ್ಕೊಂಡ್ತು, ಅಣ್ಣ ಆಡಿದ ಮಾತು ಆಗ ಕಿವಿಗೆ ಇಳೀತು.

"ಹೂಂ ಮಾವ, ಹಂಗೇ ಮಾಡ್ತೀನಿ" ಅಂದು ಹೊಂಬಾಳ ಒಳಗೆ ಹೋಗಾಗಿತ್ತು. ಈಚೆ ಬಂದಾಗ ಒಂದು ಕೈಲಿ ಹರಳೆಣ್ಣೆ ಸೀಸೆ, ಇನ್ನೊಂದು ಕೈಲಿ ಕೆತ್ತಿದ ಎಳನೀರು, ಕಂಕುಳಲ್ಲಿ ಉಪ್ಪು ಕಾಗದ.