ಮಹಡಿಗೆ ಎಳೆದ ತಂತಿ

"ಗುರುಗಳೇ, ಹೆಂಡತಿ ತವರಿಗೆ ಹೋಗಿ ಕೂತಿದ್ದಾಳೆ. ಒಂದು ಕರೆ ಮಾಡಿದರೆ ಸಾಕು, ಓಡಿ ಬರುತ್ತೇನೆಂದು ಹೇಳಿ ಫೋನನ್ನೂ ಕೊಡಿಸಿದ್ದೇನೆ. ಕರೆ ಬರುವುದಿಲ್ಲ. ಅವಳಿಗೆ ನಾನು ಬೇಡವಾದೆನೆಂದು ತಿಳಿಯಲೇ?" ಎಂದು ಶಿಷ್ಯ ಈರಭದ್ರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು. ಹಿಂದೊಮ್ಮೆ ಇದೇ ಕತೆ ಹೇಳಿದಾಗ ಅದರೊಳಗಿನ ವರ್ತಕ ಬಟ್ಟೆ ಮಾರುತ್ತಿದ್ದ. ಈ ಸಲ ಬೆಲ್ಲ ಮಾರತೊಡಗಿದ. ಕೇಳಿದರೆ, ವ್ಯಾಪಾರ ಬದಲಾಯಿಸಿದನಪ್ಪ, ಏನೀಗ, ಎನ್ನುತ್ತಿದ್ದರು.

ಒಬ್ಬ ಬೆಲ್ಲದ ವರ್ತಕ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಂದಿಷ್ಟು ಮೆಟ್ಟಿಲು. ಹೆಂಡತಿ ಕಾಯಿಲೆ ಬಿದ್ದು ಮಹಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಗಂಟಲ ದನಿ ಹೋಗಿತ್ತು. ಆರೈಕೆಗೆ ಅವಳ ತಂಗಿ ಇದ್ದಳು. ವರ್ತಕನಿಗೋ ಕೂತಲ್ಲಿ ಜೀವ ನಿಲ್ಲದು. ಅವಳು ಕರೆಯಬೇಕು, ತಾನು ಹೋಗಬೇಕು, ಇಷ್ಟೇ ಆಸೆ. ಅವಳು ಕರೆಯುವ ಮೊದಲೇ ತಾನು ಮೇಲೆ ಹೋದರೆ ಅವಳ ನಿದ್ದೆ ಕೆಟ್ಟೀತೆಂದು ತನಗೆ ತಾನೇ ನೆಪ ಹೇಳಿಕೊಂಡಿದ್ದ.

ಮಂಚದ ಬಳಿ ಒಂದು ಪುಟ್ಟ ಪೆಟ್ಟಿಗೆ ಇಟ್ಟ. ಗುಂಡಿ ಒತ್ತಿದರೆ ಒಳಗಿನ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಚಿಪ್ಪು ವೈಫೈಯಲ್ಲಿ ಸುದ್ದಿ ಕಳಿಸಿ, ಅವನ ಗಲ್ಲಾದ ಮೇಲಿನ ದೀಪ ಹೊತ್ತಿಸಬೇಕು. ಅದಕ್ಕೆ ಬೇಕಾದ ವಿದ್ಯುತ್ತು ಐದೇ ವೋಲ್ಟ್. ಆ ವಿದ್ಯುತ್ತಿಗೆಂದು ಹಳೆಯ ಕರೆಗಂಟೆಯ ಕೂದಲೆಳೆಯಂಥ ತಂತಿಯನ್ನು ಅಂಗಡಿಯಿಂದ ಗೋಡೆ ಸುತ್ತಿಸಿ, ಅಟ್ಟ ಹಾಯಿಸಿ, ಕೋಣೆಗೆ ಎಳೆದ.

ದೀಪ ಹೊತ್ತಲಿಲ್ಲ. ವೋಲ್ಟ್ ಅಳೆಯುವ ಮೀಟರ್ ಹಿಡಿದು ಮೇಲೆ ಹೋದ. ಹೆಂಡತಿ ನಕ್ಕು, ಹೊದಿಕೆ ಸರಿಸಿ, ಮಂಚದ ಅಂಚಿನಲ್ಲಿ ಜಾಗ ಮಾಡಿದಳು. ಅವನು ಮೀಟರ್ ನೋಡಿದ. ಸರಿಯಾಗಿ ಐದು. ಇಳಿದು ಬಂದ. ದಿನಾ ಇದೇ ಆಯಿತು.

"ಅಕ್ಕ ಬೆಳಗಿನಿಂದ ಒತ್ತುತ್ತಲೇ ಇದ್ದಾಳೆ, ಭಾವ," ಎಂದಳು ನಾದಿನಿ.

"ಐದಕ್ಕೆ ಐದೂ ತಲುಪ್ತಿದೆ. ಮೀಟರ್ ನಂಬಲೋ, ನಿನ್ನ ಬಾಯಿ ನಂಬಲೋ?"

ಕೆಳಗೆ ಬಂದು, ಹೊತ್ತದ ದೀಪವನ್ನು ನೋಡುತ್ತ, ತಾನು ಅವಳಿಗೆ ಬೇಡವಾದೆನೆಂದು ಕೊರಗಿದ. ಬೆಲ್ಲದ ತೂಕ ತಪ್ಪಿತು. ಗಿರಾಕಿಗಳಿಗೆ ಲಾಭವಾಯಿತು.

ಒಂದು ದಿನ ಅವನು ಅಳೆಯುತ್ತಿರುವಾಗಲೇ ಅವಳು ಗುಂಡಿ ಒತ್ತಿದಳು. ಐದಿದ್ದದ್ದು ಮೂರಕ್ಕೆ ಕುಸಿಯಿತು. ಅವನಿಗೆ ಆಗ ತಿಳಿಯಿತು. ಸುಮ್ಮನಿರುವಷ್ಟು ಶಕ್ತಿ ಪೆಟ್ಟಿಗೆಗೆ ತಲುಪುತ್ತಿತ್ತು. ಕರೆಯಲು ಹೊರಟರೆ ಹೆಚ್ಚು ಬೇಕು. ಆ ಹೆಚ್ಚಿನದನ್ನು ಉದ್ದದ ತಂತಿ ದಾರಿಯಲ್ಲೇ ತಿಂದುಹಾಕುತ್ತಿತ್ತು. ಅವಳು ಕರೆದಾಗಲೆಲ್ಲ ಕರೆ ಬಾಯಿಗೆ ಬಂದು ಸತ್ತಿತ್ತು.

ಕಣ್ಣೊರೆಸಿಕೊಂಡು ಅಂಗಡಿಗೆ ಓಡಿದ. ಕೆಳಗಿನಿಂದ ಹನ್ನೆರಡು ವೋಲ್ಟ್ ಕಳಿಸಿ, ಮಂಚದ ಬಳಿ ಅದನ್ನು ಐದಕ್ಕೆ ಇಳಿಸುವ ಸಣ್ಣ ಸಾಧನ ಜೋಡಿಸಿದ. ಬಂದು ಗಲ್ಲಾದ ಮುಂದೆ ಕೂತ. ದೀಪ ಹೊತ್ತಿತು. ನೋಡಿ, ನನ್ನವಳು ಕರೀತಿದ್ದಾಳೆ, ಎಂದು ಗಿರಾಕಿಗಳಿಗೆಲ್ಲ ತೋರಿಸಿದ. ಆರಿತು, ಮತ್ತೆ ಹೊತ್ತಿತು. ಅವನು ಕೈಮುಗಿದು ಅದನ್ನೇ ನೋಡುತ್ತ ಕೂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಂತೂ ದೋಷ ಇದ್ದದ್ದು ತಂತಿಯಲ್ಲಿ ಅಂತಾಯಿತು, ಎಂದು ಈರಭದ್ರ ಸಮಾಧಾನದಿಂದ ಹೇಳಿದ.

ಗುರುಗಳು ಹೇಳಿದರು: "ಮೆಟ್ಟಿಲಲ್ಲಿ ಯಾವ ದೋಷವೂ ಇರಲಿಲ್ಲ, ಮಗನೇ."