ಕೈ ಸಡಿಲಿಸುವ ಮಾತು

"ಬುದ್ಧಿ, ಊರವರ ಬಾಯಿ ಮುಚ್ಚಿಸುವುದು ಹೇಗೆ?"

ನಿಂಗಯ್ಯ ಇದನ್ನು ಕೇಳಿದ್ದು ಮಠದ ದಾಸೋಹದ ಅಡುಗೆಮನೆಯಲ್ಲಿ. ಪ್ರತಿ ಸೋಮವಾರ ಅವನು ತನ್ನ ಊರಿನಿಂದ ಬಸ್ಸು ಹತ್ತಿ ಅಲ್ಲಿಗೆ ಸೇವೆಗೆ ಬರುತ್ತಿದ್ದ. ಅಂದು ಅವರೆಕಾಯಿಯ ರಾಶಿ ಬಿದ್ದಿತ್ತು. ಏಳೆಂಟು ಮಂದಿ ಸುತ್ತ ಕೂತು ಸುಲಿಯುತ್ತಿದ್ದರು. ಗುರುಗಳೂ ಒಂದು ಮೊರ ಎಳೆದುಕೊಂಡು ನಡುವೆ ಕೂತಿದ್ದರು.

"ಊರವರ ಬಾಯಿಗೆ ಏನಾಯಿತಪ್ಪ?" ಎಂದರು ಗುರುಗಳು.

ಏನಾಯಿತೆಂದು ನಿಂಗಯ್ಯ ಹೇಳಿದ. ಅವನ ಮಗನಿಗೆ ಏಳು ವರ್ಷ. ಕಿವಿ ಸ್ವಲ್ಪ ಅಗಲ. ಅಷ್ಟಕ್ಕೇ ಬೀದಿಯವರು ಅವನನ್ನು ಹಪ್ಪಳ ಎನ್ನುತ್ತಿದ್ದರು.

"ಹಪ್ಪಳ ಅಂತೆ ಬುದ್ಧಿ! ಅಂಗಡಿಗೆ ಕಳಿಸಿದರೆ, 'ಏನೋ ಹಪ್ಪಳ, ಎಣ್ಣೆಗೆ ಬಂದೆಯಾ, ಕರಿಯೋಣವಾ?' ಅಂತಾನೆ ಅಂಗಡಿಯವನು. ಕ್ಷೌರಕ್ಕೆ ಕೂರಿಸಿದರೆ, 'ಅಲ್ಲಾಡಬೇಡ, ಹಪ್ಪಳ ಮುರಿದೀತು' ಅಂತಾನೆ ಕತ್ತರಿ ಹಿಡಿದವನು. ಗಾಳಿ ಬೀಸಿದರೆ ಸಾಕು, 'ಹಪ್ಪಳ ಹಾರಿಹೋದೀತು, ಹಿಡಕೊಳ್ರೋ' ಅಂತ ಹುಡುಗರು ಕೂಗುತ್ತಾರೆ. ಈಗ ಮನೆಯೊಳಗೂ ತಲೆಗೆ ಟವೆಲ್ಲು ಸುತ್ತಿಕೊಂಡೇ ಇರ್ತಾನೆ. ಹದಿನೈದು ದಿನದಿಂದ ಶಾಲೆಗೆ ಹೋಗಿಲ್ಲ. ಜೋಯಿಸರನ್ನು ಕೇಳಿ, ಮನೆಮಂದಿಯೆಲ್ಲ ಒಂಬತ್ತು ದಿನ ತಲೆ ಕೆಡಿಸಿಕೊಂಡು ಒಳ್ಳೆಯ ಹೆಸರು ಇಟ್ಟಿದ್ದೆವು. ಅದನ್ನು ಬಿಟ್ಟು ಹಪ್ಪಳವೇ?"

ಅಂಗಡಿಯವನ ದನಿಯನ್ನು ಅವನು ಹಾಗೇ ಅಣಕಿಸಿ ತೋರಿಸಿದ್ದ. ಸುಲಿಯುತ್ತಿದ್ದವರಲ್ಲಿ ಇಬ್ಬರಿಗೆ ನಗು ತಡೆಯಲಾಗಲಿಲ್ಲ. ದಾಸೋಹದ ಅಡುಗೆಯ ಹೊನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಿಂಗಯ್ಯನಿಗೆ ಮೈಯೆಲ್ಲ ಉರಿಯಿತು.

"ನಗ್ತೀರಲ್ಲ! ನಿಮ್ಮ ಮಕ್ಕಳನ್ನು ಹಪ್ಪಳ ಅಂದಿದ್ದರೆ ಗೊತ್ತಾಗುತ್ತಿತ್ತು."

ನಕ್ಕವರು ತಲೆ ತಗ್ಗಿಸಿದರು. ಹೊನ್ನಮ್ಮ, "ತಪ್ಪಾಯ್ತು ಅಣ್ಣ, ಪಾಪ ಮಗು," ಎಂದಳು. ಆ ಮಾತಿನಿಂದ ನಿಂಗಯ್ಯನಿಗೆ ತುಸು ಸಮಾಧಾನವಾಯಿತು. ಅವನು ಇದನ್ನು ಹೇಳಿಕೊಳ್ಳುತ್ತಿದ್ದುದು ಮೊದಲ ಸಲವೇನೂ ಅಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನಿಗೆ ಹೇಳಿದ್ದ. ಹಿಂದಿನ ವಾರ ಹೆಂಡತಿಯ ತವರಿನಲ್ಲಿ ಊಟದ ಪಂಕ್ತಿಯಲ್ಲೇ ಹೇಳಿದ್ದ. ಹೇಳಿದಾಗಲೆಲ್ಲ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತು.

ಗುರುಗಳು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು.

"ಬಾಯಿ ಮುಚ್ಚಿಸುವ ವಿದ್ಯೆ ನನಗೆ ಬರುವುದಿಲ್ಲ ನಿಂಗಯ್ಯ. ಬಂದಿದ್ದರೆ ಮೊದಲು ಈ ಮಠದವರ ಮೇಲೆ ಪ್ರಯೋಗ ಮಾಡುತ್ತಿದ್ದೆ. ಒಬ್ಬ ಬಳೆಗಾರನ ಕತೆ ಮಾತ್ರ ಗೊತ್ತು. ಯಾರೂ ಕೈ ನಿಲ್ಲಿಸಬೇಡಿ, ಸುಲಿಯುತ್ತ ಕೇಳಿ."

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನಿಗೆ ಒಬ್ಬಳೇ ಮಗಳು. ಅವಳ ಕಣ್ಣುಗಳು ದೊಡ್ಡವು, ದುಂಡಗಿನವು. ಯಾರನ್ನಾದರೂ ನೋಡಿದರೆ ರೆಪ್ಪೆ ಬಡಿಯದೆ ನೋಡುವಳು. ಒಂದು ದಿನ ಬಾವಿಯ ಹತ್ತಿರ ನೆರೆಮನೆಯ ಹೆಂಗಸು, "ಏನೇ ಗೂಬೆ, ಹಾಗೆ ನೋಡ್ತೀಯಾ?" ಎಂದಳು. ಎಂದವಳು ಕೊಡ ಎತ್ತಿಕೊಂಡು ಮನೆಗೆ ಹೋದಳು. ಅವಳ ಪಾಲಿಗೆ ಅದು ಅಲ್ಲಿಗೇ ಮುಗಿದಿತ್ತು.

ಬಳೆಗಾರನಿಗೆ ಮುಗಿಯಲಿಲ್ಲ. ಬಳೆ ಎಂದರೆ ಮಂಗಳದ ವಸ್ತು. ಗೂಬೆ ಸೂರಿನ ಮೇಲೆ ಕೂತರೆ ಜನ ಶಾಂತಿ ಮಾಡಿಸುತ್ತಾರೆ. ಬಳೆಗಾರನ ಮನೆಯಲ್ಲಿ ಗೂಬೆಯೇ? ಅವನು ಆ ಹೆಂಗಸಿನ ಬಾಗಿಲಿಗೆ ಹೋಗಿ ನಿಂತು ಗಂಟಲು ಹರಿಯುವ ಹಾಗೆ ಕೂಗಾಡಿದ.

"ನನ್ನ ಮಗಳನ್ನು ಗೂಬೆ ಅಂತೀಯಾ? ಗೂಬೆ ಅನ್ನೋದಕ್ಕೆ ನೀನು ಯಾರು?"

ಬಾವಿಯ ಹತ್ತಿರ ಆ ಮಾತು ಬಿದ್ದದ್ದು ಇಬ್ಬರ ಕಿವಿಗೆ. ಈಗ ಇಡೀ ಬೀದಿ ಕೇಳಿತು. ಮರುದಿನದಿಂದ ಅವನ ಎದುರಿಗೆ ಯಾರೂ ಅದನ್ನು ಆಡಲಿಲ್ಲ, ಬೆನ್ನ ಹಿಂದೆ ಆಡದವರು ಉಳಿಯಲಿಲ್ಲ. ಹುಡುಗಿ ಮೊದಲು ಬಾವಿಗೆ ಹೋಗುವುದನ್ನು ಬಿಟ್ಟಳು. ಆಮೇಲೆ ಬೀದಿಗೆ ಇಳಿಯುವುದನ್ನು ಬಿಟ್ಟಳು. ಮುಂದಲೆಯ ಕೂದಲನ್ನು ಕಣ್ಣಿನ ಮೇಲೆ ಎಳೆದುಕೊಂಡು ನಡುಮನೆಯ ಮೂಲೆಯಲ್ಲಿ ಕೂರತೊಡಗಿದಳು. ಅವಳು ಮತ್ತೆ ಹೊಸ್ತಿಲು ದಾಟಿ ನಾಲ್ಕು ಜನರ ನಡುವೆ ನಡೆಯುವುದನ್ನು ನೋಡಿದರೆ ಸಾಕಿತ್ತು ಬಳೆಗಾರನಿಗೆ. ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಇಲ್ಲಿ ಅವನ ಕಸುಬಿನ ವಿಷಯ ಒಂದಿಷ್ಟು ಹೇಳಬೇಕು. ಹೊನ್ನಮ್ಮನಿಗೆ ಗೊತ್ತು, ನಿಂಗಯ್ಯನಿಗೆ ಗೊತ್ತಿರಲಾರದು. ಮುಂಗೈಗೆ ಹೊಂದುವ ಗಾಜಿನ ಬಳೆ ಅಂಗೈಗಿಂತ ಚಿಕ್ಕದಿರುತ್ತದೆ. ಏರಿಸುವಾಗ ನೋವಾಗುತ್ತದೆಂದು ಹೆಂಗಸರು ಕೈಯನ್ನು ಬಿಗಿ ಹಿಡಿಯುತ್ತಾರೆ. ಬಿಗಿ ಹಿಡಿದರೆ ಬಳೆ ಚಟ್ಟೆನ್ನುತ್ತದೆ. ಅದಕ್ಕೇ ಬಳೆಗಾರ ಮಾತು ಬಲ್ಲವನಾಗಿರಬೇಕು. ಮಾತಿಗೆಳೆದು ಅವರ ಗಮನವನ್ನು ಅತ್ತ ಕಳಿಸಬೇಕು, ಕೈ ಸಡಿಲವಾದ ಗಳಿಗೆಗೆ ಬಳೆಯನ್ನು ಜಾರಿಸಬೇಕು. ನಮ್ಮ ಬಳೆಗಾರ ಮೊದಲೆಲ್ಲ ಯಾವ ಊರಿನಲ್ಲಿ ಮದುವೆ, ಯಾರ ಮನೆಯ ಎಮ್ಮೆ ಈಯಿತು ಎಂದು ಹೇಳಿಕೊಂಡು ಬಳೆ ತೊಡಿಸುತ್ತಿದ್ದ. ಈಗ ಎಮ್ಮೆಯ ಮಾತು ಅವನ ಬಾಯಿಗೆ ಬರಲಿಲ್ಲ.

"ಏನು ಹೇಳಲಿ ತಾಯಿ," ಎಂದ ಒಂದು ಊರಿನ ಜಗಲಿಯಲ್ಲಿ. "ಮುತ್ತಿನಂಥ ಮಗಳು. ಅವಳನ್ನು ನಮ್ಮೂರವರು ಗೂಬೆ ಅಂತಾರೆ. ಗೂಬೆ ಅನ್ನಬಹುದಾ? ನೀವೇ ಹೇಳಿ."

"ಅಯ್ಯೋ ಶಿವನೇ, ಅವರ ಬಾಯಿಗೆ ಹುಳ ಬೀಳ!" ಎಂದಳು ಬಳೆ ತೊಡುತ್ತಿದ್ದವಳು. ಅವಳ ಕಣ್ಣು ತುಂಬಿತು. ಕೈ ಮೆತ್ತಗಾಯಿತು. ಬಳೆ ಸಲೀಸಾಗಿ ಏರಿತು.

ಮುಂದಿನ ಮನೆಯಲ್ಲೂ ಅವನು ಅದನ್ನೇ ಹೇಳಿಕೊಂಡ. ಅದರ ಮುಂದಿನ ಮನೆಯಲ್ಲೂ. ಹೆಂಗಸರು ಮಜ್ಜಿಗೆ ಕೊಟ್ಟರು. ಮಗುವಿಗಿರಲಿ ಎಂದು ಒಂದು ಅಚ್ಚು ಬೆಲ್ಲ ಕಟ್ಟಿಕೊಟ್ಟರು. ಮತ್ತೆ ಬಂದಾಗ, "ಬಳೆಗಾರಪ್ಪ, ನಿನ್ನ ಮಗಳ ಕತೆ ಏನಾಯಿತು?" ಎಂದು ಅವರೇ ಕೇಳಿದರು. ಹೀಗೆ ಐದು ವರ್ಷ ನಡೆಯಿತು. ಬೇರೆ ಯಾವ ಮಾತಿಗೂ ಕೈಗಳು ಅಷ್ಟು ಸಡಿಲವಾಗುತ್ತಿರಲಿಲ್ಲ. ಆ ಮಾತು ಆಡುವಾಗ ಅವನ ಕೈಯಲ್ಲಿ ಒಂದು ಬಳೆಯೂ ಒಡೆಯುತ್ತಿರಲಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲ ಎನ್ನೋಣವೇ? ಗೊತ್ತಿತ್ತು. ಗೊತ್ತಿದ್ದೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಬಳೆ ಏರಿದ ಮೇಲೆ ಆಡಿದ ಮಾತು ಆ ಜಗಲಿಯಲ್ಲೇ ಉಳಿಯುತ್ತದೆ ಎಂದೇ ಬಳೆಗಾರರ ಎಣಿಕೆ.

ಅವನು ಸುತ್ತುವ ಊರುಗಳಲ್ಲಿ ಕಡೆಯದು ಮೂರು ದಿನದ ದಾರಿ. ಅದು ಮಗ್ಗದವರ ಊರು. ಅಲ್ಲೊಬ್ಬಳು ನೇಯುವವಳಿದ್ದಳು, ಮಕ್ಕಳಿಲ್ಲದವಳು. ಒಂದು ಸಲ ಅವಳು, "ನಿನ್ನ ಮಗಳನ್ನು ಇಲ್ಲಿ ತಂದುಬಿಡು. ನೂಲು ಸುತ್ತುತ್ತ ನನ್ನ ಜೊತೆ ಇರಲಿ, ನೇಯುವುದನ್ನು ಕಲಿಸುತ್ತೇನೆ," ಎಂದಳು. ಬಳೆಗಾರನಿಗೆ ದೇವರೇ ಬಾಯಿ ಬಿಟ್ಟು ಹೇಳಿದ ಹಾಗಾಯಿತು.

ಅವನು ಮನೆಗೆ ಬಂದು ಮಗಳಿಗೆ ಹೇಳಿದ. ಅವಳಿಗೆ ಆಗ ಹದಿಮೂರು. ಮೂರನೆಯ ದಿನ ಮೂಲೆಯಿಂದಲೇ ಕೇಳಿದಳು.

"ಅಲ್ಲಿ ಯಾರಿಗೂ ಗೊತ್ತಿಲ್ವಾ ಅಪ್ಪ?"

"ಯಾರಿಗೂ ಗೊತ್ತಿಲ್ಲ ಮಗಳೇ. ನಿನ್ನನ್ನು ಕಂಡವರೇ ಆ ಊರಲ್ಲಿಲ್ಲ."

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಹೊಳೆಯಲೇ ಇಲ್ಲ, ಅಷ್ಟೇ.

ಇಬ್ಬರೂ ಹೊರಟರು. ಅವನ ಹೆಗಲ ಮೇಲೆ ಬಳೆಯ ಸರಗಳ ಮಲಾರ, ಅವಳ ಕೈಯಲ್ಲಿ ಬಟ್ಟೆಯ ಗಂಟು. ನಡುವಿನ ಊರುಗಳ ಜಗಲಿಗಳನ್ನು ಬಿಟ್ಟು ಹೊಲದ ದಾರಿ ಹಿಡಿದರು. ಮೊದಲ ದಿನ ಹುಡುಗಿ ನೆಲ ನೋಡಿಕೊಂಡು ನಡೆದಳು. ಎರಡನೆಯ ದಿನ ಕೂದಲನ್ನು ಹಿಂದಕ್ಕೆ ಬಾಚಿ ಜಡೆ ಹಾಕಿಕೊಂಡಳು. ಐದು ವರ್ಷದ ಮೇಲೆ ಬಳೆಗಾರ ಹಗಲು ಬೆಳಕಿನಲ್ಲಿ ಮಗಳ ಕಣ್ಣುಗಳನ್ನು ನೋಡಿದ. ಮೂರನೆಯ ದಿನ ಮಗ್ಗದ ಸದ್ದು ಕಿವಿಗೆ ಬೀಳುವಷ್ಟು ಹತ್ತಿರ ಬಂದಾಗ ಅವಳು ನಿಂತಳು.

"ಅಪ್ಪ, ನಿನ್ನ ಹೆಸರೇನಮ್ಮಾ ಅಂತ ಅವರು ಕೇಳ್ತಾರಲ್ಲ, ಆಗ ನಾನೇ ಹೇಳ್ತೀನಿ. ನೀನು ಹೇಳಬೇಡ."

"ಆಗಲಿ ತಾಯಿ, ನೀನೇ ಹೇಳು," ಎಂದ ಅವನು.

ನೇಯುವವಳು ಬಾಗಿಲಿಗೆ ಬಂದಳು. ಹುಡುಗಿಯ ಕಣ್ಣುಗಳನ್ನು ನೋಡಿದಳು. ಅವಳ ಮುಖ ಅರಳಿತು. ಎರಡೂ ಕೈ ಚಾಚಿ ಹುಡುಗಿಯನ್ನು ಬಾಚಿ ತಬ್ಬಿಕೊಂಡಳು.

"ಬಾರೇ ನನ್ನವ್ವ! ನಮ್ಮ ಬಳೆಗಾರನ ಗೂಬೆಮರಿ ಅಲ್ವೇನೇ ನೀನು! ಏ, ಬನ್ರೇ ಎಲ್ಲ, ಗೂಬೆಮರಿ ಬಂದಿದ್ದಾಳೆ!"

ಅಕ್ಕಪಕ್ಕದ ಮನೆಗಳ ಹೆಂಗಸರು ಮಗ್ಗ ಬಿಟ್ಟು ಓಡಿಬಂದರು. "ಇವಳೇನಾ ಗೂಬೆ? ಅಯ್ಯೋ ಪಾಪ, ಎಷ್ಟು ಲಕ್ಷಣವಾಗಿದ್ದಾಳೆ," ಎಂದರು. "ಗೂಬೆ ಅಂತಾರಲ್ಲ, ಅವರ ಕಣ್ಣು ಹೋಗ," ಎಂದರು. ಒಬ್ಬಳು ದೃಷ್ಟಿ ತೆಗೆದಳು. ಒಬ್ಬಳು ಹೂ ಮುಡಿಸಿದಳು. ಯಾರಲ್ಲೂ ಒಂದು ಎಳ್ಳಿನಷ್ಟು ಕೆಟ್ಟದ್ದಿರಲಿಲ್ಲ. ಐದು ವರ್ಷ ಅವರೆಲ್ಲ ಅವಳಿಗಾಗಿ ಕಣ್ಣೀರು ಹಾಕಿದವರು.

ಹುಡುಗಿ ಹೆಸರು ಹೇಳಲು ಬಾಯಿ ತೆರೆದಿದ್ದಳು. ಯಾರೂ ಕೇಳಲಿಲ್ಲ. ಅವಳು ಬಾಯಿ ಮುಚ್ಚಿ ಅಪ್ಪನ ಕಡೆ ನೋಡಿದಳು.

"ಅಪ್ಪ, ಇಲ್ಲಿಗೆ ಇದನ್ನು ತಂದವರು ಯಾರು?"

ಬಳೆಗಾರ ಮಾತು ಬಲ್ಲವನು. ನೆರೆಮನೆಯವಳ ಮೇಲೆ ಹಾಕೋಣವೆಂದರೆ ಅವಳು ತನ್ನ ಊರಿನ ಬಾವಿಯನ್ನು ದಾಟಿ ಈಚೆಗೆ ಬಂದವಳಲ್ಲ. ಅವಳು ಅಂದದ್ದು ಒಂದು ಸಲ. ತಾನು ಎಷ್ಟು ಸಲ ಅಂದೆ? ಯಾವ ಯಾವ ಜಗಲಿಯಲ್ಲಿ ಅಂದೆ? ಮಜ್ಜಿಗೆ ಕುಡಿದು ಅಂದೆ, ಬೆಲ್ಲ ಕಟ್ಟಿಸಿಕೊಂಡು ಅಂದೆ. ಮಗಳು ಮೂಲೆಯಲ್ಲಿ ಮುಖ ಮುಚ್ಚಿ ಕೂತಿದ್ದಳು. ತಾನು ಅವಳ ಸಂಕಟವನ್ನು ಊರೂರಿಗೆ ಒಯ್ದು ಬಳೆ ಏರಿಸಿದೆ. ನಾಚಿಕೆಯಿಂದ ಅವನ ಮೈ ಹಿಡಿಯಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಗಳ ಆ ದೊಡ್ಡ ಕಣ್ಣುಗಳು ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದವು. ಅವನು ತಲೆ ಎತ್ತಲಿಲ್ಲ.

ಹುಡುಗಿ ಜಡೆ ಬಿಚ್ಚಿ ಕೂದಲನ್ನು ಮತ್ತೆ ಕಣ್ಣಿನ ಮೇಲೆ ಎಳೆದುಕೊಂಡಳು.

ಗುರುಗಳು ಅಲ್ಲಿಗೆ ನಿಲ್ಲಿಸಿ ಇನ್ನೊಂದು ಕಾಯಿ ಎತ್ತಿಕೊಂಡರು.

"ಆಮೇಲೆ?" ಎಂದರು ಯಾರೋ.

"ಆಮೇಲೇನು? ಮೂರು ದಿನದ ದಾರಿ. ವಾಪಸ್ಸು ನಡೆದರು."

ಬಳೆಗಾರ ಎಂಥ ಪೆದ್ದ ಎಂದುಕೊಂಡ ನಿಂಗಯ್ಯ. ಆ ಹುಡುಗಿಯನ್ನು ನೆನೆದು ಅವನಿಗೆ ಪಾಪ ಅನ್ನಿಸಿತು. ಆದರೂ ತನ್ನ ಪ್ರಶ್ನೆಗೆ ಇದು ಉತ್ತರ ಹೇಗಾಯಿತೆಂದು ಅವನಿಗೆ ತಿಳಿಯಲಿಲ್ಲ. ತಾನೇನು ಮಲಾರ ಹೊತ್ತು ಮನೆಮನೆ ತಿರುಗುವವನೇ? ಹಾಗೆಂದು ಕೇಳಿಯೇ ಬಿಡೋಣವೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಹೊನ್ನಮ್ಮ ಕಣ್ಣೊರೆಸಿಕೊಂಡಳು. ಅವಳು ಅವನ ಊರಿನವಳಲ್ಲ. ಅವನ ಮಗನನ್ನು ಒಂದು ದಿನವೂ ಕಂಡವಳಲ್ಲ.

"ಅಣ್ಣ, ಮುಂದಿನ ಸೋಮವಾರ ನಿಮ್ಮ ಹಪ್ಪಳನನ್ನೂ ಕರಕೊಂಡು ಬನ್ನಿ," ಎಂದಳು ಅಕ್ಕರೆಯಿಂದ. "ಪಾಪ, ನಮ್ಮ ಹಪ್ಪಳನಿಗೆ ಅಂತ ಒಂದಿಷ್ಟು ಪಾಯಸ ಮಾಡಿಡ್ತೀನಿ."

ಉಳಿದವರೂ ತಲೆಯಾಡಿಸಿದರು. "ಹೌದು, ಕರಕೊಂಡು ಬನ್ನಿ," ಎಂದರು. ಈ ಸಲ ಒಬ್ಬರೂ ನಗಲಿಲ್ಲ.

ನಿಂಗಯ್ಯನ ಕೈ ಅವರೆಕಾಯಿಯ ರಾಶಿಯಲ್ಲಿ ಹಾಗೇ ನಿಂತಿತು. ಕೆನ್ನೆಯಿಂದ ಕಿವಿಯ ತುದಿಯವರೆಗೆ ಬಿಸಿಯೇರಿತು. ಬಸ್ಸಿನಲ್ಲಿ ಪಕ್ಕ ಕೂತಿದ್ದವನ ಮುಖ ನೆನಪಾಯಿತು. ಹೆಂಡತಿಯ ತವರಿನ ಪಂಕ್ತಿ ನೆನಪಾಯಿತು. ಅಂಗಡಿಯವನ ದನಿಯನ್ನು ತಾನು ಎಷ್ಟು ಚೆನ್ನಾಗಿ ಅಣಕಿಸಿದ್ದೆ ಎಂಬುದೂ ನೆನಪಾಯಿತು. ಅವನಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿ ಅವನ ಕಡೆ ತಿರುಗಿದರು.

"ಹೌದು ನಿಂಗಯ್ಯ, ಮಗುವಿನ ಹೆಸರೇನು?"